ದೊನ್ ಲೆಯಾಂದ್ರೊನ ಎಂದಿನ ತಟ್ಟೆ

ಕಾದಿಸ್ ಪಟ್ಟಣದ ಮಾಣಿಗಳ ಕಣ್ಣಿಗೆ ಎವಾರಿಸ್ತೊ ಕಾಣಿಸುತ್ತಿರಲಿಲ್ಲ. ದೋಷ ಮಾಣಿಗಳ ಕಣ್ಣಿನದಲ್ಲ. ಅದೇ ಕಣ್ಣಿಗೆ ಅವನ ಹಿಂದೆ ನಿಂತವನು ಕಾಣಿಸುತ್ತಿದ್ದ, ಪಕ್ಕದಲ್ಲಿ ನಿಂತವನು ಕಾಣಿಸುತ್ತಿದ್ದ, ಒಳಗೆ ಬರಲೋ ಬೇಡವೋ ಎಂದು ಬಾಗಿಲಾಚೆ ಯೋಚಿಸುತ್ತಿದ್ದವನೂ ಕಾಣಿಸುತ್ತಿದ್ದ. ಎವಾರಿಸ್ತೊ ಮಾತ್ರ ಕೌಂಟರಿಗೆ ಎದೆಯೊತ್ತಿ, ಒಂದು ಬೆರಳೆತ್ತಿ, ಪಟದೊಳಗಿನ ಸಂತನ ಹಾಗೆ ನಿಂತೇ ಇರುತ್ತಿದ್ದ. ತಾಪಾಸ್ ಎಂಬ ಬಾರಿನ ತಿಂಡಿ ಬೇಕಿದ್ದರೆ ತಪಸ್ಸು ಮಾಡಬೇಕೆಂಬುದು ಅವನ ಮಟ್ಟಿಗಂತೂ ತಮಾಷೆಯ ಮಾತಾಗಿರಲಿಲ್ಲ.

ಅವನ ಉದ್ಯೋಗವೂ ಹಾಗೆಯೇ. ಕಾರು ಕಲಿಯುವವರ ಪಕ್ಕದಲ್ಲಿ ಕೂತು ವಾರವಿಡೀ ಬ್ರೇಕು, ಬ್ರೇಕು ಎಂದು ಬಡಿದುಕೊಳ್ಳುವುದು. ಅಲ್ಲೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. (ಸಂಸಾರದ ಗಾಡಿಯನ್ನು ಹೆಂಡತಿ ಕಸಿಲ್ದಾ ಓಡಿಸುತ್ತಿದ್ದಳು. ಅದಕ್ಕೆ ಬ್ರೇಕೇ ಇರಲಿಲ್ಲ.)

ಅಂದು ಸಕಲ ಸಂತರ ಹಬ್ಬ. ಊರಿಗೆ ಊರೇ ಬೆಳಗ್ಗೆ ಸ್ಮಶಾನಕ್ಕೆ ಹೋಗಿ ತಮ್ಮ ತಮ್ಮ ಸತ್ತವರಿಗೆ ಸೇವಂತಿಗೆ ಇಟ್ಟು, ಮಧ್ಯಾಹ್ನ ಅದೇ ಬಟ್ಟೆಯಲ್ಲಿ ಬಾರುಗಳಿಗೆ ನುಗ್ಗುವ ದಿನ. ಕಸಿಲ್ದಾಳೂ ತಾಯಿಯ ಸಮಾಧಿ ತೊಳೆದು, ಹೂವಿಟ್ಟು, ಅತ್ತು ಹಗುರಾಗಿದ್ದಳು. ಅತ್ತ ಮೇಲೆ ಅವಳಿಗೆ ವಿಪರೀತ ಹಸಿವು. ಪೂರ್ವದ ಕಡೆಯಿಂದ ಲೆವಾಂತೆ ಗಾಳಿ ಬೀಸುತ್ತಿತ್ತು. ಆ ಗಾಳಿ ಬೀಸಿದ ದಿನ ಕಾದಿಸಿನಲ್ಲಿ ಗಂಡ ಹೆಂಡತಿ ಯಾವ ವಿಷಯವನ್ನೂ ಚರ್ಚಿಸುವುದಿಲ್ಲ, ತಲೆ ಕೆಟ್ಟಿರುತ್ತದೆ. ಗೊತ್ತಿದ್ದ ಬಾರುಗಳೆಲ್ಲ ತುಂಬಿ ಬೀದಿಗೆ ಚೆಲ್ಲಿದ್ದವು. ಕೊನೆಗೆ ಇಬ್ಬರೂ ಎಂದೂ ಹೊಕ್ಕಿರದ ಒಂದು ಓಣಿಯಲ್ಲಿ, ಎಂದೂ ನೋಡಿರದ ಒಂದು ಬಾಗಿಲೊಳಗೆ ಗಾಳಿಯೇ ಅವರನ್ನು ತಳ್ಳಿತು ಅನ್ನಬೇಕು.

ಒಳಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕರಿದ ಎಣ್ಣೆಯ ಹೊಗೆ, ಗಾಜಿನ ಲೋಟಗಳ ಸದ್ದು, ಎಲ್ಲರೂ ಏಕಕಾಲಕ್ಕೆ ಆಡುವ ಮಾತು. ಮೂಲೆಯಲ್ಲಿ ಮೇಜಿನ ಬದಲು ನಿಲ್ಲಿಸಿದ ಒಂದು ಹಳೇ ಪೀಪಾಯಿ ಖಾಲಿಯಾಗುವುದೂ ಕಸಿಲ್ದಾ ಅದರ ಮೇಲೆ ತನ್ನ ಚೀಲವನ್ನು ಸ್ಥಾಪಿಸುವುದೂ ಒಟ್ಟಿಗೇ ಆಯಿತು. ತಾನು ಕೋಟೆ ಕಾಯುವುದಾಗಿಯೂ ಗಂಡ ಹೋಗಿ ಆಹಾರ ಗೆದ್ದು ತರಬೇಕೆಂದೂ ಅಪ್ಪಣೆಯಾಯಿತು.

"ಇವತ್ತಾದ್ರೂ ಬಾಯಿಬಿಟ್ಟು ಕೇಳು," ಅಂದಳು. "ಬೆರಳೆತ್ತಿ ನಿಂತ್ರೆ ಮಳೆ ಬರ್ತಿದ್ಯಾ ಅಂತ ನೋಡ್ತಿದ್ದೀಯ ಅಂದ್ಕೋತಾರೆ."

ಎವಾರಿಸ್ತೊ ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಮುಂದೆ ಸಾಗಿದ. ಕೌಂಟರಿನುದ್ದಕ್ಕೂ ಜನ ಮೂರು ಸಾಲು ನಿಂತಿದ್ದರು. ಆದರೆ ಗೋಡೆಯ ಹತ್ತಿರದ ತುದಿಯಲ್ಲಿ, ಆಶ್ಚರ್ಯವೆಂಬಂತೆ, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಬಿದ್ದಿತ್ತು. ಅಕ್ಕಪಕ್ಕದವರು ಪರಸ್ಪರರ ಕಾಲು ತುಳಿಯುತ್ತಿದ್ದರೇ ಹೊರತು ಅಲ್ಲಿಗೆ ಮೊಣಕೈಯನ್ನೂ ಚಾಚುತ್ತಿರಲಿಲ್ಲ. ಯಾಕೆಂದು ಯೋಚಿಸುವ ಬುದ್ಧಿವಂತ ಎವಾರಿಸ್ತೊ ಅಲ್ಲ. ಹೋಗಿ ನಿಂತ.

ಅಲ್ಲಿ ತಣ್ಣಗಿತ್ತು. ಎಣ್ಣೆ ಕುದಿಯುವ ಆ ಸೆಖೆಯಲ್ಲಿ ಅಷ್ಟು ಜಾಗ ಮಾತ್ರ ಬಾವಿಯ ತಳದ ಹಾಗೆ ತಣ್ಣಗಿತ್ತು.

ಅವನ ಬಲಕ್ಕಿದ್ದವರು ಮೊದಲು ಮಾತು ನಿಲ್ಲಿಸಿದರು. ಆಮೇಲೆ ಅವರ ಪಕ್ಕದವರು. ದೀಪಗಳನ್ನು ಒಂದೊಂದಾಗಿ ಆರಿಸಿಕೊಂಡು ಹೋದ ಹಾಗೆ ಮೌನ ಆ ತುದಿಯವರೆಗೆ ಹೋಯಿತು. ಬಾರಿನ ಯಜಮಾನ ಮೆಲ್ಚೋರ್, ದಪ್ಪ ಮೀಸೆಯ ಮನುಷ್ಯ, ಅದುವರೆಗೆ ಕೂಗುತ್ತಿದ್ದ ಹತ್ತು ಜನರನ್ನೂ ಬಿಟ್ಟು ನೇರ ಎವಾರಿಸ್ತೊನ ಮುಂದೆ ಬಂದು ನಿಂತ. ಬಾಯಿಬಿಟ್ಟು ಕೇಳುವ ಮೊದಲೇ ಮಾನ್ಸನೀಯಾ ವೈನಿನ ಲೋಟ ಬಂತು. ಅದರ ಬೆನ್ನಿಗೆ ವಿನೆಗರಿನಲ್ಲಿ ನೆನೆಸಿ ಕರಿದ ಮೀನಿನ ತಟ್ಟೆ.

"ನಿಮ್ಮ ಎಂದಿನ ತಟ್ಟೆ, ದೊನ್ ಲೆಯಾಂದ್ರೊ," ಅಂದ ಮೆಲ್ಚೋರ್, ಇಗರ್ಜಿಯಲ್ಲಿ ಮಾತಾಡುವ ದನಿಯಲ್ಲಿ. "ಈ ಸಲ ಮುಳ್ಳೆಲ್ಲ ನಾನೇ ಕೈಯಾರೆ ತೆಗ್ದಿದ್ದೀನಿ."

ನಾನು ಲೆಯಾಂದ್ರೊ ಅಲ್ಲ ಎಂದು ಹೇಳುವುದು ಸಭ್ಯತೆ. ಆದರೆ ಹುಟ್ಟಿದಾರಭ್ಯ ಮಾಣಿಯೊಬ್ಬ ತಾನಾಗಿ ಬಂದು ತಟ್ಟೆಯಿಟ್ಟದ್ದು ಅದೇ ಮೊದಲು. ಸಭ್ಯತೆಗೂ ಒಂದು ಮಿತಿ ಇದೆಯಲ್ಲ. ಎವಾರಿಸ್ತೊ ಗಂಭೀರವಾಗಿ ತಲೆಯಾಡಿಸಿದ. ಅವನ ಕೈ ನಿಂಬೆಹೋಳು ತೆಗೆದುಕೊಂಡು ಮೀನಿನ ಮೇಲೆ ಹಿಂಡಿತು. ಹಿಂಡಿದ ಮೇಲೆ ಅವನಿಗೆ ಹೊಳೆಯಿತು, ತನಗೆ ನಿಂಬೆ ಕಂಡರಾಗದು. ಅಲ್ಲದೆ ಹಿಂಡಿದ್ದು ಎಡಗೈ.

ಆದರೂ ರುಚಿಯಾಗಿತ್ತು. ಮತ್ತೆ ಸಿಗಡಿಯ ವಡೆ ಬಂತು, ಆಲಿವ್ ಬಂತು, ಎಣ್ಣೆ ಈರುಳ್ಳಿ ಹಾಕಿದ ಆಲೂಗೆಡ್ಡೆ ಬಂತು. ತಟ್ಟೆಗಳನ್ನು ತೋಳಿನ ಮೇಲೆ ಜೋಡಿಸಿಕೊಂಡು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಪೀಪಾಯಿಯ ಕಡೆ ಮರಳಿದ. ಜನ ದಾರಿ ಬಿಟ್ಟರು. ಒಬ್ಬ ಮುದುಕಿ ಶಿಲುಬೆಯ ಗುರುತು ಹಾಕಿಕೊಂಡಳು. ಅದನ್ನೂ ಅವನು ಗೌರವವೆಂದೇ ಭಾವಿಸಿದ.

ಕಸಿಲ್ದಾ ತಟ್ಟೆಗಳನ್ನೂ ಗಂಡನನ್ನೂ ಒಂದೇ ಅನುಮಾನದಿಂದ ನೋಡಿದಳು. ಯಾರದೋ ಪಾಲನ್ನು ಎತ್ತಿಕೊಂಡು ಬಂದಿರಬೇಕೆಂದು ಅವಳ ತೀರ್ಮಾನ. ಕೆಲವರ ಮುಖದಲ್ಲಿ ಒಂದು ತೇಜಸ್ಸು ಇರುತ್ತದೆ, ತಡವಾಗಿಯಾದರೂ ಜನ ಗುರುತಿಸುತ್ತಾರೆ ಎಂದು ಅವನು ವಿವರಿಸಿದ. ಅವಳು ವಡೆ ಕಚ್ಚುತ್ತ, ತೇಜಸ್ಸು ಇನ್ನೂ ಉಳಿದಿದ್ದರೆ ಸ್ವಲ್ಪ ಬ್ರೆಡ್ಡೂ ತರಲಿ ಅಂದಳು.

ಅವನು ಮತ್ತೆ ಆ ತಣ್ಣನೆಯ ಜಾಗಕ್ಕೆ ಹೋಗಿ ನಿಲ್ಲುವ ಹೊತ್ತಿಗೆ ಅಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಕಾಯುತ್ತಿದ್ದಳು. ಎತ್ತರದ ಆಳು, ತೋಳಿನ ಮೇಲೆ ಇನ್ನೂ ಸೇವಂತಿಗೆಯ ಎಸಳು ಅಂಟಿತ್ತು. ಮೇಲಿನ ಮನೆಯ ದೊನ್ಯಾ ಒಬ್ದುಲಿಯಾ. ಮೆಲ್ಚೋರ್ ಹೇಳಿ ಕಳಿಸಿದ್ದ. ಅವಳು ಎವಾರಿಸ್ತೊನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮುಖ ಬೇರೆ, ಹೊಟ್ಟೆ ಬೇರೆ, ಆದರೆ ನಿಂತಿರುವ ರೀತಿ ಮಾತ್ರ ತನ್ನ ಗಂಡನದೇ ಎಂದು ಸುತ್ತಲಿನವರಿಗೆ ತಿಳಿಸಿದಳು.

"ಈಗ ತಾನೇ ನಿಂಗೆ ಹೂವಿಟ್ಟು ಬಂದೆ," ಅಂದಳು. "ನೀನು ನೋಡಿದ್ರೆ ಇಲ್ಲಿದ್ದೀಯ. ಬದುಕಿದ್ದಾಗ್ಲೂ ಇದೇ ಕತೆ, ಇಟ್ಟಲ್ಲಿ ಇರ್ಲಿಲ್ಲ."

ಆಗ ಎವಾರಿಸ್ತೊನಿಗೆ ವಿಷಯ ಅರ್ಥವಾಯಿತು. ಓಡಬೇಕೆಂದುಕೊಂಡ, ಆದರೆ ಹಿಂದೆ ಜನ ಗೋಡೆ ಕಟ್ಟಿದ್ದರು. ದೊನ್ಯಾ ಒಬ್ದುಲಿಯಾ ನಿಧಾನವಾಗಿ ಕೇಳಿದಳು. ಗಂಡ ಸತ್ತಾಗಿನಿಂದ ತಾರಸಿಯ ಮೇಲಿನ ಕೋಣೆಗೆ ಬೀಗ. ಪಾರಿವಾಳ ಸಾಕುವ ಕೋಣೆ ಎನ್ನುತ್ತಿದ್ದ, ಅವಳನ್ನು ಒಂದು ದಿನವೂ ಒಳಗೆ ಬಿಟ್ಟಿರಲಿಲ್ಲ. ಎಲ್ಲರೂ ಬಾಗಿಲು ಒಡೆಸು ಅಂದರು. ಅವಳು ಒಡೆಸಲಿಲ್ಲ. ಇಟ್ಟವನೇ ಬಂದು ಹೇಳಲಿ ಎಂದು ಕಾದಿದ್ದಳು. ಬೀಗದ ಕೈ ಎಲ್ಲಿ?

ಹೇಗಾದರೂ ಇವಳು ತೊಲಗಿದರೆ ಸಾಕೆಂದು ಎವಾರಿಸ್ತೊ ಬಾಯಿಗೆ ಬಂದದ್ದು ಹೇಳಿದ. ಅಡುಗೆಮನೆಯ ಪಿಂಗಾಣಿ ಕೋಳಿಯ ಹೊಟ್ಟೆಯೊಳಗೆ. ಪಿಂಗಾಣಿ ಕೋಳಿ ಅವನ ಮನೆಯಲ್ಲಂತೂ ಇರಲಿಲ್ಲ. ಅವನ ತಲೆಗೆ ಅದು ಎಲ್ಲಿಂದ ಬಂತೋ.

ಅವಳು ಹೋದಳು. ಎಲ್ಲರೂ ತಿನ್ನುವುದನ್ನು ಬಿಟ್ಟು ಸೂರಿನ ಕಡೆ ಕಿವಿಯಿಟ್ಟರು. ಮೇಲೆ ಎಲ್ಲೋ ಪಿಂಗಾಣಿ ಒಡೆದ ಸದ್ದು ಕೇಳಿಸಿತು. ಮೆಟ್ಟಿಲು ಹತ್ತುವ ಹೆಜ್ಜೆ ಕೇಳಿಸಿತು. ಬಹಳ ದಿನ ತೆರೆಯದ ಬಾಗಿಲೊಂದು ನರಳಿತು. ಆಮೇಲೆ ಏನೂ ಕೇಳಿಸಲಿಲ್ಲ. ಗಾಳಿ ಕೂಡ ನಿಂತಿತ್ತು.

ಅವಳು ಮರಳಿ ಬಂದು ಕೌಂಟರಿನ ಮೇಲೆ ಒಂದು ಕೆಂಪು ಚಪ್ಪಲಿ ಇಟ್ಟಳು. ಎತ್ತರದ ಹಿಮ್ಮಡಿಯ, ಪುಟ್ಟ ಪಾದದ ಚಪ್ಪಲಿ. ದೊನ್ಯಾ ಒಬ್ದುಲಿಯಾಳ ಪಾದ ಪುಟ್ಟದಾಗಿರಲಿಲ್ಲ.

"ಯಾರದಿದು?"

ಅಮ್ಮಾ, ನಾನು ಎವಾರಿಸ್ತೊ, ಕಾರು ಕಲಿಸುವವನು, ನನ್ನ ಹೆಂಡತಿ ಅಗೋ ಅಲ್ಲಿ ಪೀಪಾಯಿಯ ಹತ್ತಿರ ಇದ್ದಾಳೆ. ಇಷ್ಟನ್ನು ಹೇಳಲು ಅವನು ಬಾಯಿ ತೆರೆದ. ಬಾಯಿಂದ ಹೊರಟದ್ದು ಮಾತ್ರ ಚುಟ್ಟಾ ಸೇದಿ ಸೇದಿ ಒರಟಾದ, ಬೇರೊಬ್ಬನ ದಪ್ಪ ದನಿ.

"ರೋಸೆಂದಾದು," ಅಂದಿತು ಅದು. "ಪಾಪ, ಒಳ್ಳೇವಳು."

ಏಟು ಬಿತ್ತು. ಬಾರಿನಲ್ಲಿದ್ದ ಗಾಜುಗಳೆಲ್ಲ ಝಣ್ ಎನ್ನುವಂಥ ಏಟು, ವರ್ಷಗಟ್ಟಲೆ ಕೂಡಿಟ್ಟದ್ದು. ಅಪರಾಧ ಲೆಯಾಂದ್ರೊನದು, ಕೆನ್ನೆ ಎವಾರಿಸ್ತೊನದು. ಏಟು ಬಿದ್ದದ್ದೇ ತಡ, ಕಟ್ಟಿದ್ದ ಗಾಳಿ ಬಿಟ್ಟ ಹಾಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ದೊನ್ಯಾ ಒಬ್ದುಲಿಯಾ ಬಟ್ಟೆ ಸರಿಮಾಡಿಕೊಂಡು, ಹತ್ತು ವರ್ಷ ಚಿಕ್ಕವಳಾದವಳಂತೆ ನಕ್ಕು, ತನಗೂ ಒಂದು ಲೋಟ ವೈನು ಹಾಕು ಎಂದು ಮೆಲ್ಚೋರನಿಗೆ ಹೇಳಿದಳು. ಮೆಲ್ಚೋರ್ ಎವಾರಿಸ್ತೊನ ಕಿವಿಯಲ್ಲಿ ಕ್ಷಮೆ ಕೇಳಿದ. ದೊನ್ ಲೆಯಾಂದ್ರೊ ಇದೇ ಜಾಗದಲ್ಲಿ ನಿಂತು ಮೀನು ತಿನ್ನುವಾಗ ಮುಳ್ಳು ಸಿಕ್ಕಿ ಸತ್ತನಂತೆ. ಅಂದಿನಿಂದ ಇಲ್ಲಿ ಯಾರೂ ನಿಲ್ಲುವುದಿಲ್ಲವಂತೆ.

ಅಷ್ಟರಲ್ಲಿ ಪೀಪಾಯಿ ಬಿಟ್ಟು ಕಸಿಲ್ದಾ ಬಂದಾಗಿತ್ತು. (ಪೀಪಾಯಿಯನ್ನು ಒಂದು ತುಂಬು ಕುಟುಂಬ ಆಗಲೇ ವಶಪಡಿಸಿಕೊಂಡಿತ್ತು.) ಅವಳು ಕೇಳಿದ್ದು ಒಂದು ಹೆಸರು, ನೋಡಿದ್ದು ಒಂದು ಚಪ್ಪಲಿ ಮತ್ತು ಒಂದು ಏಟು. ಹೆಂಡತಿಯಾದವಳಿಗೆ ಅಷ್ಟು ಸಾಲದೇ. ಗಂಡನ ತೋಳು ಹಿಡಿದು ಓಣಿಗೆ ಎಳೆದುಕೊಂಡು ಬಂದಳು.

ದಾರಿಯುದ್ದಕ್ಕೂ ಎವಾರಿಸ್ತೊ ನಡೆದದ್ದನ್ನೆಲ್ಲ ಹೇಳಿದ. ಪುಣ್ಯಕ್ಕೆ ದನಿ ಅವನದೇ ಆಗಿತ್ತು. ತಣ್ಣನೆಯ ಜಾಗ, ನಿಂಬೆ, ಎಡಗೈ, ಪಿಂಗಾಣಿ ಕೋಳಿ. ಸತ್ತವನು ತನ್ನ ಬಾಯಲ್ಲಿ ಮಾತಾಡಿದನೆಂದು ಕಣ್ಣೀರಿಟ್ಟ.

"ಸತ್ತವ್ರು ಮಾತಾಡೋ ಹಾಗಿದ್ರೆ," ಅಂದಳು ಕಸಿಲ್ದಾ, "ನಮ್ಮಮ್ಮ ಇಷ್ಟು ದಿನ ನಿನ್ನ ವಿಷಯದಲ್ಲಿ ಸುಮ್ನಿರ್ತಿದ್ಲಾ?"

ಮನೆಯ ಬಾಗಿಲಲ್ಲಿ ಅವಳು ನಿಂತು, ಅವನ ಮುಖಕ್ಕೆ ಮುಖ ಕೊಟ್ಟು, ರೋಸೆಂದಾ ಯಾರು ಎಂದು ಕೊನೆಯ ಸಲ ಕೇಳಿದಳು. ಹೇಳದಿದ್ದರೆ ತಂಗಿಯ ಮನೆಗೆ ಹೊರಟೆ ಅಂದಳು. ಅವಳ ಕಣ್ಣಲ್ಲಿ ನೀರಿತ್ತು, ಅದು ತಮಾಷೆಯ ನೀರಲ್ಲ. ಎವಾರಿಸ್ತೊನಿಗೆ ಹೆದರಿಕೆಯಾಯಿತು. ಬಾಯಿ ತೆರೆದರೆ ಏನು ಬರುವುದೋ, ತೆರೆಯದಿದ್ದರೆ ಇವಳು ಹೋಗುವಳು. ದೇವರ ಮೇಲೆ ಭಾರ ಹಾಕಿ ತೆರೆದ.

"ಅಳಬೇಡ, ಚಿನ್ನ," ಅಂದಿತು ಆ ದಪ್ಪ ದನಿ. "ಇಂಥ ಕಣ್ಣಿರೋ ಹೆಣ್ಣಿನ ಮುಂದೆ ಬೇರೆ ಯಾರ ಹೆಸ್ರು ನೆನಪಿರುತ್ತೆ?"

ಕಸಿಲ್ದಾಳ ಕೈ ಬಾಗಿಲ ಮೇಲೆ ಹಾಗೇ ನಿಂತಿತು. ಮದುವೆಯಾದಾಗಿನಿಂದ ಅವನು ಅವಳ ಕಣ್ಣಿನ ಬಗ್ಗೆ ಆಡಿದ್ದು ಒಂದೇ ಮಾತು, ಕನ್ನಡಕ ಎಲ್ಲಿಟ್ಟೆ ಎಂದು. ಅವಳ ಕಿವಿ ಕೆಂಪಾಯಿತು. ಕೂದಲು ಹಿಂದಕ್ಕೆ ಸರಿಸಿಕೊಂಡಳು. ಇಷ್ಟು ವರ್ಷ ಈ ದನಿ ಎಲ್ಲಿ ಬಚ್ಚಿಟ್ಟಿದ್ದೆ ಎಂದು ಮೆಲ್ಲಗೆ ಗದರಿ ಅವನ ಎಡಗೈ ಹಿಡಿದುಕೊಂಡಳು.

ತನ್ನೊಳಗೇ ಎಲ್ಲೋ ಆಳದಲ್ಲಿ ಎವಾರಿಸ್ತೊ, ಅದು ನಾನಲ್ಲ ಕಣೇ, ನಾನಲ್ಲ ಎಂದು ಕೂಗುತ್ತಿದ್ದ. ಎಂದಿನಂತೆ ಅವಳಿಗೆ ಅದು ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳು," ಅಂದಳು ಕಸಿಲ್ದಾ.

ಎವಾರಿಸ್ತೊ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಳ್ಳಲು ನೋಡಿದ. ಬಾಯಿ, ಅವನ ಮಾತು ಕೇಳದೆ, ಮೆಲ್ಲಗೆ ನಗತೊಡಗಿತು.