ನಮ್ಮ ಕ್ರಾಸಿನಲ್ಲಿ ಎಕ್ಸ್‌ಪ್ರೆಸ್ ಬಸ್ಸು ನಿಂತದ್ದು

೨೦೦೨ನೇ ಇಸವಿ, ಜೂನ್ ೨, ಭಾನುವಾರ. ನನ್ನ ಡೈರಿಯಲ್ಲಿ ಹೀಗೆ ಉಂಟು: "ಮೈದುನ ಇವತ್ತಿನಿಂದ ಮಾತನಾಡಲು ಕಲಿಯುತ್ತಾನೆ." ಆಗ ಅವನಿಗೆ ಐವತ್ತು ದಾಟಿತ್ತು. ಗಂಡಸರ ಕೈಗೆ ಮೈಕು ಸಿಕ್ಕಿದಲ್ಲೆಲ್ಲ ಇಂಥದ್ದು ನಡೆಯುತ್ತಲೇ ಇರುತ್ತದೆ, ಬರೆದಿಡುವವರು ಮಾತ್ರ ಕಡಿಮೆ. ನಾನು ಬಿ.ಎ. ಓದಿದವಳು, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು. ಬರೆದಿಟ್ಟಿದ್ದೇನೆ.

೧. ತರಗತಿ

ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡು ಮನೆಯಲ್ಲಿ ಕೂತ ಮೈದುನ ಮಣಿಪಾಲದಲ್ಲಿ ಭಾನುವಾರದ ಭಾಷಣ ತರಗತಿಗೆ ಸೇರಿದ. ಮೊದಲ ದಿನ ಮುಗಿಸಿ ಬಂದವನೇ, "ಅತ್ತಿಗೆ, ಭಾಷಣದಲ್ಲಿ ಮೂರು ವಿಧ. ಮನವೊಲಿಸುವುದು, ಮಾಹಿತಿ ಕೊಡುವುದು, ಸಮಾರಂಭದ್ದು" ಎಂದ.

"ನಿಲ್ಲಿಸುವುದನ್ನು ಎಷ್ಟನೇ ವಾರ ಕಲಿಸುತ್ತಾರೆ?"

"ಅದು ಸಿಲೆಬಸ್ಸಿನಲ್ಲಿ ಇಲ್ಲ" ಎಂದ. ತಮಾಷೆಗೆ ಹೇಳಿದ್ದಲ್ಲ.

೨. ಮನವೊಲಿಸುವ ಭಾಷಣ

ನನ್ನ ಸೊಸೆಗೆ ಮಣಿಪಾಲದಲ್ಲಿ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ. ಕಾರ್ಕಳದಿಂದ ಬರುವ ಎಕ್ಸ್‌ಪ್ರೆಸ್ ಬಸ್ಸುಗಳು ನಮ್ಮ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ಸರ್ವಿಸ್ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತು ತಡವಾಗುತ್ತಿತ್ತು. "ಹೀಗೇ ತಡವಾದರೆ ಬೇರೆ ಕೆಲಸ ನೋಡಿಕೊಳ್ಳಿ" ಎಂದು ಆಫೀಸಿನಲ್ಲಿ ಅವಳಿಗೆ ಹೇಳಿಯಾಗಿತ್ತು. ಒಂದು ಎಕ್ಸ್‌ಪ್ರೆಸ್ ನಿಂತರೆ ಅವಳ ಕೆಲಸ ಉಳಿಯುತ್ತಿತ್ತು. ಅದನ್ನು ಕೇಳಲು ನಾನೂ ಮೈದುನನೂ ಉಡುಪಿಗೆ, ಬಸ್ಸಿನ ಮಾಲೀಕರ ಆಫೀಸಿಗೆ ಹೋದೆವು. ನಾನು ವಿಷಯ ಹೇಳಿದೆ.

"ಏಳು ಇಪ್ಪತ್ತರ ಬಸ್ಸು ಅಲ್ವಾ? ಆಯ್ತು, ನಿಲ್ಲಿಸುವ" ಎಂದರು ಮಾಲೀಕರು.

ನಾನು ಕೈಮುಗಿದು ಎದ್ದೆ. ಮೈದುನ ಏಳಲಿಲ್ಲ. "ಸ್ವಾಮೀ, ನೀವು ಎಂದಾದರೂ ಒಬ್ಬ ತಾಯಿಯ ಕಣ್ಣೀರು ಒರೆಸಿದ್ದೀರಾ?" ಎಂದು ಶುರು ಮಾಡಿದ. ಪ್ರಶ್ನೆಯಿಂದ ಆರಂಭಿಸಬೇಕೆಂದು ತರಗತಿಯಲ್ಲಿ ಹೇಳಿದ್ದರಂತೆ.

"ಆಯ್ತು ಎಂದೆನಲ್ಲ ಮಾರಾಯ್ರೇ!"

"ಇನ್ನೂ ಐದು ಕಾರಣ ಉಂಟು."

ಐದನೆಯದು ಮುಗಿಯುವಾಗ ಮಾಲೀಕರ ಮುಖದಲ್ಲಿ ಸಂಶಯ ಮೂಡಿತ್ತು. "ಎಂತ, ಆ ಕ್ರಾಸಿನಲ್ಲಿ ಏನಾದರೂ ಗಲಾಟೆ ಉಂಟಾ? ಒಂದು ತಿಂಗಳು ನೋಡುವ. ನಮ್ಮ ಹಿಂದೆಯೇ ಇನ್ನೊಂದು ಕಂಪೆನಿಯ ಬಸ್ಸು ಬರುತ್ತದೆ. ಟೈಮಿಂಗ್ ತಪ್ಪಿದರೆ ಸ್ಟಾಪು ಇಲ್ಲ."

ಖಾಯಂ ಸ್ಟಾಪು ಸಿಕ್ಕಿದ್ದ ನಾವು ಭಾಷಣದ ಬಲದಿಂದ ತಾತ್ಕಾಲಿಕ ಸ್ಟಾಪು ಪಡೆದು ಹಿಂದಿರುಗಿದೆವು.

೩. ಮಾಹಿತಿ ಭಾಷಣ

ಬಸ್ಸಿನ ಸಮಯವನ್ನು ಊರವರಿಗೆ ತಿಳಿಸಬೇಕಲ್ಲ. ಒಂದು ಹಲಗೆಯ ಮೇಲೆ ಬರೆದು ಅಂಗಡಿಯ ಮುಂದೆ ತೂಗುಹಾಕಿದರೆ ಸಾಕಿತ್ತು. ಮೈದುನ ಶಾಲೆಯ ಜಗಲಿಯಲ್ಲಿ ಸಭೆ ಕರೆದ. ಚಕ್ರವನ್ನು ಮನುಷ್ಯ ಕಂಡುಹಿಡಿದಲ್ಲಿಂದ ಹೊರಟು ಎತ್ತಿನ ಗಾಡಿಗೆ ಬರುವಾಗಲೇ ಹಿಂದಿನ ಎರಡು ಸಾಲು ಖಾಲಿ.

ಮಣಿಪಾಲದ ಕಟ್ಟಡಗಳಿಗೆ ಕೂಲಿಗೆ ಹೋಗುವ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಎದ್ದು ನಿಂತಳು. "ಸಾಹೇಬ್ರ, ಬಸ್ಸು ಎಷ್ಟಕ್ಕ ಬರತೈತ್ರಿ?"

"ಅದನ್ನು ಕೊನೆಯಲ್ಲಿ ಹೇಳುತ್ತೇನಮ್ಮ."

"ಕೊನಿ ಎಷ್ಟಕ್ಕ ಬರತೈತ್ರಿ?"

೪. ಸಮಾರಂಭದ ಭಾಷಣ

ಬಸ್ಸು ಸುಮ್ಮನೆ ಬಂದು ನಿಂತು ಹೋಗಬಹುದಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಉದ್ಘಾಟನೆ ಆಗದೆ ನಲ್ಲಿಯಲ್ಲಿ ನೀರೂ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಕ್ರಾಸಿನಲ್ಲಿ ಶಾಮಿಯಾನ, ಕುರ್ಚಿ, ಮೈಕು. ಮುಖ್ಯ ಅತಿಥಿ ಬಸ್ಸಿನ ಮಾಲೀಕರೇ. ರಸ್ತೆಗೆ ಅಡ್ಡವಾಗಿ ಕೆಂಪು ಟೇಪು ಕಟ್ಟಿದ್ದರು. ಆರತಿ ತಟ್ಟೆ ಹಿಡಿದು ನಿಂತವಳು ಮೊದಲ ಪ್ರಯಾಣಿಕಳಾದ ನನ್ನ ಸೊಸೆ.

ಬಸ್ಸು ಸರಿಯಾದ ಸಮಯಕ್ಕೆ ಬಂತು. ಡ್ರೈವರಿಗೆ ಹಾರ, ಕಂಡಕ್ಟರಿಗೆ ಶಾಲು, ಹಣ್ಣಿನ ಬುಟ್ಟಿ. ನಂತರ ಮೈದುನ ಮೈಕಿನ ಮುಂದೆ ನಿಂತ. ವೇದಿಕೆಯೇ ಇಲ್ಲದಿದ್ದರೂ "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಒಬ್ಬೊಬ್ಬರನ್ನೇ ಹೆಸರಿಸತೊಡಗಿದ.

"ಸಣ್ಣಮಾವ, ನನಗೆ ಎಂಟಕ್ಕೆ ಡ್ಯೂಟಿ!" ಎಂದಳು ಸೊಸೆ.

ಡ್ರೈವರ್ ಹಾರ್ನ್ ಹೊಡೆದ. ಗದ್ದಲವಾದಾಗ ನಿಲ್ಲಿಸಿ, ಶಾಂತವಾದ ಮೇಲೆ ಆ ವಾಕ್ಯವನ್ನು ಮೊದಲಿಂದ ಹೇಳಬೇಕೆಂದು ತರಗತಿಯಲ್ಲಿ ಕಲಿಸಿದ್ದರು. ಹಾರ್ನ್ ಆದಾಗಲೆಲ್ಲ ಮೈದುನ ನಿಲ್ಲಿಸಿದ, ಮೊದಲಿಂದ ಹೇಳಿದ.

ಅಷ್ಟರಲ್ಲಿ ಹಿಂದೆಯೇ ಬರುವ ಇನ್ನೊಂದು ಕಂಪೆನಿಯ ಬಸ್ಸು ಬಂತು. ನಮ್ಮ ಕ್ರಾಸಿನಲ್ಲಿ ಅದುವರೆಗೆ ಒಂದು ದಿನವೂ ನಿಲ್ಲದ ಬಸ್ಸು ಅದು. ಇಷ್ಟು ಜನರನ್ನು ಕಂಡು ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಮಣಿಪಾಲ, ಉಡುಪಿ, ಉಡುಪಿ! ಬನ್ನಿ ಬನ್ನಿ, ಸೀಟು ಉಂಟು!"

ಸೊಸೆ ಆರತಿ ತಟ್ಟೆಯನ್ನು ನನ್ನ ಕೈಗೆ ತುರುಕಿ ಎಲ್ಲರಿಗಿಂತ ಮೊದಲು ಹತ್ತಿದಳು. ಅವಳ ಹಿಂದೆ ಸಭಿಕರು. ಆಮೇಲೆ, ಕಾರ್ಕಳದಿಂದ ಬಂದು ಟೇಪಿನ ಮುಂದೆ ನಿಂತಿದ್ದ ಬಸ್ಸಿನೊಳಗೆ ಕೂತಿದ್ದವರೂ ಒಬ್ಬೊಬ್ಬರಾಗಿ ಇಳಿದು ಇದಕ್ಕೆ ಹತ್ತಿದರು. ಮಾಲೀಕರು ಕುರ್ಚಿಯಲ್ಲಿ ಕೂತು, ತಮ್ಮ ಪ್ರಯಾಣಿಕರು ಎದುರಾಳಿಯ ಬಸ್ಸಿನಲ್ಲಿ ಹೋಗುವುದನ್ನು ನೋಡಿದರು. ಮೈದುನ ಆಗ "ಪ್ರಯಾಣಿಕರೇ ನಮ್ಮ ದೇವರು" ಎಂಬಲ್ಲಿಗೆ ತಲುಪಿದ್ದ.

ಮಾಲೀಕರು ಎದ್ದು ಟೇಪನ್ನು ಕೈಯಲ್ಲೇ ಹರಿದರು. "ಉದ್ಘಾಟನೆಯೂ ಆಯ್ತು, ಸಮಾರೋಪವೂ ಆಯ್ತು. ನಡಿಯಾ ಡ್ರೈವರ್!" ಎಂದು ಖಾಲಿ ಬಸ್ಸು ಹತ್ತಿದರು. ಅದು ಮತ್ತೆ ನಮ್ಮಲ್ಲಿ ನಿಲ್ಲಲಿಲ್ಲ. ಇನ್ನೊಂದು ಕಂಪೆನಿಯದ್ದೂ ಮರುದಿನ ಎಂದಿನಂತೆ ಧೂಳೆಬ್ಬಿಸಿ ಹೋಯಿತು.

ಒಟ್ಟಿನಲ್ಲಿ ಆ ಭಾಷಣಕ್ಕೆ ತಗುಲಿದ್ದು ಇಷ್ಟು: ಕೆಲಸ ಉಳಿಸಿಕೊಳ್ಳಲು ಸೊಸೆ ಬೆಳಗಿನ ಮೊತ್ತಮೊದಲ ಸರ್ವಿಸ್ ಬಸ್ಸಿಗೆ ಹೋಗತೊಡಗಿದಳು. ಅವಳ ಬುತ್ತಿಗಾಗಿ ನಾನು ಕೋಳಿ ಕೂಗುವ ಮೊದಲೇ ಎದ್ದು ದೋಸೆ ಹೊಯ್ಯತೊಡಗಿದೆ, ವರ್ಷಗಟ್ಟಲೆ. ಮೈದುನ ಎಂಟು ಗಂಟೆಗೆ ಏಳುತ್ತಾನೆ. ಭಾಷಣಕಾರರ ಗಂಟಲಿಗೆ ನಿದ್ದೆ ಬೇಕಂತೆ.