ವಿನಿಫ್ರೆಡ್ ಹೆಸರಿನ ಗುಲಾಬಿ

ಎಲ್ಲ ಅನರ್ಥಕ್ಕೂ ಮೂಲ ಒಂದು ಮೊಗ್ಗು. ಗುಲಾಬಿ ಪ್ರದರ್ಶನದ ದಿನ ಬೆಳಗಾದರೂ ಅದು ಅರಳಲು ಒಪ್ಪಲಿಲ್ಲ.

ಹೊರೇಸ್ ಟನಿಕ್ಲಿಫ್ ಇಂಗ್ಲೆಂಡಿನ ಬರ್ನ್ಲಿ ಊರಿನ ನಿವೃತ್ತ ಬಸ್ ಚಾಲಕ. ಒಂದು ಗುಲಾಬಿಯ ಪರಾಗವನ್ನು ಇನ್ನೊಂದಕ್ಕೆ ಕುಂಚದಿಂದ ಸವರಿ, ಬೀಜ ಬಿತ್ತಿ, ಹೊಸ ತಳಿ ಹುಟ್ಟಿಸುವ ಹುಚ್ಚು ಅವನಿಗೆ. ಸಸಿ ಮೊದಲ ಹೂ ಬಿಟ್ಟಾಗ ಒಮ್ಮೆ ನೋಡುತ್ತಿದ್ದ. ಹಿಡಿಸದಿದ್ದರೆ ಕಿತ್ತು ಕಸದ ಗುಡ್ಡೆಗೆ. "ಪಾಪ, ಇನ್ನೊಂದು ವರ್ಷ ನೋಡಬಾರದಾ?" ಎಂದು ಹೆಂಡತಿ ವಿನಿಫ್ರೆಡ್ ಅಂಗಲಾಚಿದರೂ ಕರಗುತ್ತಿರಲಿಲ್ಲ. ಬೇರೆಯವರ ಹಿತ್ತಲಿನ ಗುಲಾಬಿಗಳನ್ನಂತೂ ಕಣ್ಣೆತ್ತಿ ನೋಡಿದವನಲ್ಲ.

ಮನಸ್ಸಿಗೆ ಒಪ್ಪುವ ಹೂ ಸಿಕ್ಕ ದಿನ ಅದಕ್ಕೆ ಅವಳ ಹೆಸರಿಡುವೆನೆಂದು ಮಾತು ಕೊಟ್ಟಿದ್ದ. ಹೂ ಸಿಗುವ ಮೊದಲೇ, ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಈಗ ಕೊನೆಗೂ ಒಂದು ಗಿಡ, ಅದರಲ್ಲಿ ಒಂದೇ ಮೊಗ್ಗು. ಪ್ರದರ್ಶನದಲ್ಲಿ ಗೆದ್ದ ಹೊಸ ತಳಿಗೆ ಮಾತ್ರ ಗುಲಾಬಿ ಹವ್ಯಾಸಿಗಳ ಸಂಘ ಹೆಸರಿಡಲು ಬಿಡುತ್ತಿತ್ತು.

"ಚಳಿಗೆ ಮುದುಡ್ಕೊಂಡಿದೆ ಅಷ್ಟೇ. ಕೆಟಲ್ ಹಬೆ ತೋರ್ಸಿ," ಎಂದಳು ಗೋಡೆಯಾಚೆಯಿಂದ ಪಕ್ಕದ ಮನೆಯ ಬೆರಿಲ್.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹೊರೇಸ್ ಮೊಗ್ಗನ್ನು ಕಡ್ಡಿ ಸಮೇತ ಕತ್ತರಿಸಿ ಹಬೆ ತೋರಿಸಿದ. ಮೊಗ್ಗು ಅರಳಿತು, ನಿಲ್ಲದೆ ಅರಳುತ್ತಲೇ ಹೋಯಿತು.

"ಅಯ್ಯೋ, ಸಾಕು ಅನ್ನಿ ಅದಕ್ಕೆ!" ಎಂದು ಬೆರಿಲ್ ಓಡಿಬಂದು ಹೂವನ್ನು ಕಸಿದು ತನ್ನ ಫ್ರಿಜ್ಜಿನಲ್ಲಿಟ್ಟಳು. ಅಲ್ಲಿ ಹೊಗೆ ಹಾಕಿದ ಹೆರಿಂಗ್ ಮೀನು ಮೊದಲೇ ಬಿಡಾರ ಹೂಡಿತ್ತು.

ಕಾರಿನಲ್ಲಿ ಕರೆದೊಯ್ಯಲು ಬಂದ ಅವಳ ಗಂಡ ನೆವಿಲ್ ಹೂವನ್ನು ಮೂಸಿ ನೋಡಿ ಗಂಭೀರನಾದ. "ಬಣ್ಣ ಚೆನ್ನಾಗಿದೆ ಹೊರೇಸ್. ಆದ್ರೆ ಇದ್ರ ಜೊತೆ ಬ್ರೆಡ್ಡು, ಬೆಣ್ಣೆನೂ ಇಡಬೇಕಾಗುತ್ತೆ."

"ಪರಿಮಳಕ್ಕೇ ಅರ್ಧ ಅಂಕ ಕಣಯ್ಯಾ!" ಎಂದ ಹೊರೇಸ್.

"ಅದಕ್ಯಾಕೆ ಚಿಂತೆ? ಕಿಟಕಿ ಇಳಿಸಿದ್ರೆ ವಾಸನೆ ಹಾರಿಹೋಗುತ್ತೆ."

ವಾಸನೆ ಹಾರಲಿಲ್ಲ, ದಳಗಳು ಹಾರಿದವು. ಒಂದು ನೆವಿಲನ ಕನ್ನಡಕಕ್ಕೆ ಅಂಟಿಕೊಂಡಿತು, ಕಾರು ಹಾಲಿನ ಗಾಡಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಪ್ರದರ್ಶನ ನಡೆಯುವ ಚರ್ಚಿನ ಸಭಾಂಗಣ ತಲುಪಿದಾಗ ಹೊರೇಸನ ಕೈಯಲ್ಲಿ ಉಳಿದದ್ದು ಒಂದು ಕಡ್ಡಿ, ಎರಡು ಎಲೆ.

ಕಡ್ಡಿಯನ್ನು ತನ್ನ ಜಾಗದ ಬಾಟಲಿಗೆ ಸಿಕ್ಕಿಸಿ ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ. "ಒಂದೇ ಒಂದು ಮಾತು ಕೊಟ್ಟಿದ್ದೆ ವಿನ್ನಿ, ಅದನ್ನೂ ಉಳಿಸ್ಕೊಳ್ಳಲಿಲ್ಲ," ಎಂದು ಗೋಡೆಗೆ ಹೇಳಿಕೊಂಡ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಒಳಗೆ ಹೋದಾಗ ಅವನ ಬಾಟಲಿಯ ಮುಂದೆ ಪ್ರಥಮ ಬಹುಮಾನದ ಕೆಂಪು ಚೀಟಿ ಇತ್ತು. ಬಾಟಲಿಯಲ್ಲಿ ಏಪ್ರಿಕಾಟ್ ಹಣ್ಣಿನ ತಿಳಿಗಿತ್ತಳೆ ಬಣ್ಣದ ತುಂಬು ಗುಲಾಬಿ. ಚಹಾದ ಮೇಜಿನ ಅಲಂಕಾರಕ್ಕೆಂದು ಬೆರಿಲ್ ತನ್ನ ಹಿತ್ತಲಿನಿಂದ ತಂದಿದ್ದ ಹೂಗಳಲ್ಲಿ ಒಂದು ಅದು. ಪಶ್ಚಾತ್ತಾಪ ತಾಳದೆ ಸಿಕ್ಕಿಸಿಬಿಟ್ಟಿದ್ದಳು.

"ಇಂಥ ಪರಿಮಳ ನಾನು ಕಂಡೇ ಇಲ್ಲ ಸ್ವಾಮಿ," ಎಂದರು ತೀರ್ಪುಗಾರ ಕ್ಲೆಗ್. "ಏನು ಹೆಸರಿಡ್ತೀರಿ?"

ಒಂದೇ ಒಂದು ಪದ ಸಾಕಿತ್ತು. ಹೊರೇಸ್ ಕೆಂಪು ಚೀಟಿಯನ್ನು ಪಕ್ಕಕ್ಕೆ ಸರಿಸಿದ. "ಇದು ನಂದಲ್ಲ ಸಾರ್. ಕದ್ದ ಹೂವಿಗೆ ಅವಳ ಹೆಸರು ಬೇಡ."

ಬೆರಿಲ್‌ಗೆ ತಡೆಯಲಾಗಲಿಲ್ಲ. "ಕದ್ದಿದ್ದಲ್ಲ, ನಿಮ್ದೇ! ನೀವು ಕಸಕ್ಕೆ ಎಸೆದಿದ್ರಲ್ಲ, ಆ ಸಸಿ. ವಿನ್ನಿ ಎತ್ತಿ ತಂದು ನಂಗೆ ಕೊಟ್ಲು."

ಹೊರೇಸ್ ಹೂವನ್ನು ಹತ್ತಿರದಿಂದ ನೋಡಿದ. ಮೊದಲ ವರ್ಷ ಪೇಲವವಾಗಿ ಜೋತುಬಿದ್ದಿದ್ದ ಆ ಹೂ ನೆನಪಾಯಿತು.

"ಹಾಗಾದ್ರೆ ತಳಿ ಇವರದ್ದೇ. ಬಹುಮಾನವೂ ಇವರಿಗೇ!" ಎಂದು ಕ್ಲೆಗ್ ಕೈ ಚಾಚಿದರು. ಹೊರೇಸನ ಮುಖ ಬೆಳಗಿತು. ಅಷ್ಟರಲ್ಲಿ ಕ್ಲೆಗ್ ಏನೋ ನೆನಪಾಗಿ ತಡೆದರು. "ಇದನ್ನ ಬೇರೆ ಯಾರಿಗೂ ಕೊಟ್ಟಿಲ್ಲ ತಾನೆ? ಹಂಚಿದ ಗಿಡ ಹೊಸ ತಳಿ ಅನ್ನಿಸ್ಕೊಳ್ಳಲ್ಲ."

"ಕೊಡದೆ ಏನು?" ಎಂದಳು ಬೆರಿಲ್. "ನಮ್ಮ ಬೀದಿಯವರೆಲ್ಲ ನೆಡೋಕೆ ಕಡ್ಡಿ ಒಯ್ದಿದ್ದಾರೆ. ವಿನ್ನಿನೇ ಹೆಸರಿಟ್ಟಿದ್ಲು, ಎಲ್ಲರೂ ಹಾಗೇ ಕರೀತಾರೆ."

ಕ್ಲೆಗ್ ಕೆಂಪು ಚೀಟಿ ತೆಗೆದು ಜೇಬಿಗಿಟ್ಟುಕೊಂಡರು. "ಹಂಚಿದ್ದೂ ಆಯ್ತು, ಹೆಸರಿಟ್ಟಿದ್ದೂ ಆಯ್ತು. ಇನ್ನು ಬದಲಾಯಿಸೋ ಹಾಗಿಲ್ಲ. ಏನಂತೆ ಹೆಸರು?"

ಬೆರಿಲ್ ಹೊರೇಸನ ಮುಖ ನೋಡಿ ತಲೆ ತಗ್ಗಿಸಿದಳು.

"ಹೊರೇಸ್."

ನಗಲು ಯಾರಿಗೂ ಧೈರ್ಯವಾಗಲಿಲ್ಲ. ಹೊರೇಸನೇ ಕೇಳಿದ, "ಯಾಕಂತೆ?"

"ನಾನೂ ಕೇಳಿದ್ದೆ. 'ಮೊದಮೊದಲು ಮುಖ ಗಂಟಿಕ್ಕುತ್ತೆ ಬೆರಿಲ್, ಅದಕ್ಕೇ ಎಸೆಯೋಕೆ ಹೋಗ್ಬೇಡ. ಇಂಥದ್ದೇ ಒಂದನ್ನ ಮನೇಲಿ ಸಾಕಿದ್ದೀನಿ' ಅಂದ್ಲು."

ಮನೆಗೆ ಮರಳುವಾಗ ಹೊರೇಸ್ ಹೂವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದ. ನೆವಿಲ್ ಕೇಳದೆಯೇ ಕಿಟಕಿ ಏರಿಸಿದ.