ಕಬ್ಬಿನ ನಡುವೆ ನಮ್ಮ ಅಡುಗೆಮನೆ

'ಯೋಚನೆ ಮಾಡಿ ಹೇಳ್ತೀನಿ' ಎನ್ನುವುದು ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟ ಮಾತು. ಬೆಳಗ್ಗೆ ಗಾಡಿಯವನು "ಸೊಪ್ಪು ಬೇಕಾ ಅಕ್ಕ" ಎಂದು ಕೂಗಿದರೂ ನನಗೆ ಯೋಚನೆ ಹತ್ತುತ್ತದೆ. ದಂಟೋ, ಸಬ್ಬಸಿಗೆಯೋ, ನಿನ್ನೆಯ ಹುರುಳಿಕಾಳು ಇನ್ನೂ ಇದೆಯಲ್ಲವೋ ಎಂದು ಲೆಕ್ಕ ಹಾಕಿ ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಮುಂದಿನ ಬೀದಿಯಲ್ಲಿರುತ್ತದೆ. ಸೊಪ್ಪು ಹೋದರೆ ಹೋಗಲಿ, ಬೇಳೆಸಾರು ಮಾಡಿಕೊಂಡು ತಿನ್ನಬಹುದು. ಆದರೆ ಹೀಗೆ ಯೋಚಿಸುತ್ತಾ ಕೂತು ನಾನು ಒಂದು ಮನೆಯನ್ನೇ ಕಳೆದುಕೊಂಡೆ. ಅದೂ ಕಟ್ಟುವುದಕ್ಕೆ ಮುಂಚೆಯೇ.

ನನ್ನ ಜೀವಮಾನದಲ್ಲಿ ಯೋಚನೆ ಮಾಡದೆ ತೆಗೆದುಕೊಂಡ ತೀರ್ಮಾನವೆಂದರೆ ಮಗಳು ಇಂಚರಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು. ಮದುವೆಗೆ ಮುಂಚೆ ನಾನೇ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಪುಟ್ಟ ಪುಟ್ಟ ಮಕ್ಕಳು ಬಾಯಿ ಮೇಲೆ ಬೆರಳಿಟ್ಟುಕೊಂಡು ಕೂತಿರುವುದನ್ನು ದಿನವೂ ನೋಡಿ, ನನ್ನ ಮಗುವನ್ನು ಮಾತ್ರ ಹೀಗೆ ಕೂರಿಸಲಾರೆ ಎಂದು ನೆಂಟರಿಷ್ಟರ ಎದುರು ಸಾರಿಬಿಟ್ಟಿದ್ದೆ. ಸಾರಿದ ಮೇಲೆ ಅನುಭವಿಸಬೇಕಲ್ಲ. ಮದುವೆಮನೆಗಳಲ್ಲಿ ಪಕ್ಕದ ಎಲೆಯವರು ಮಗುವನ್ನು ಮೊದಲು ಕೇಳುವುದೇ "ಎಷ್ಟನೇ ಕ್ಲಾಸವ್ವ?" ಎಂದು. ಇಂಚರ "ಮನೇಲೇ ಇದೀನಿ" ಅನ್ನುತ್ತಿದ್ದಳು. ಅವರು ಕೈಯಲ್ಲಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿ, "ಯಾಕವ್ವ, ಉಸಾರಿಲ್ವಾ ಮಗೀಗೆ?" ಎಂದು ಕೇಳುತ್ತಿದ್ದರು. ಆಗ ನಾನು ಎಲೆಯ ಮೇಲಿನ ಪಾಯಸ ಆರಿ ಗಟ್ಟಿಯಾಗುವ ತನಕ ವಿವರಿಸುತ್ತಿದ್ದೆ. ಪೂರ್ತಿ ಕೇಳಿಸಿಕೊಂಡ ಒಬ್ಬ ಅಜ್ಜಿ, "ಆಯ್ತು ಬುಡವ್ವ, ಒಳ್ಳೆ ಡಾಕ್ಟ್ರುಗ್ ತೋರ್ಸು, ಸರೋಯ್ತದೆ" ಎಂದು ಸಮಾಧಾನ ಹೇಳಿ ಕೈತೊಳೆಯಲು ಎದ್ದರು.

ಹಳ್ಳಿಯ ವಿಚಾರ ತೆಗೆದವರು ನಮ್ಮ ಯಜಮಾನರು ಮಹದೇವ. ಭಾರತೀನಗರದಿಂದ ಸ್ವಲ್ಪ ಒಳಗಿರುವ ನನ್ನ ತವರಲ್ಲಿ, ನಾಲೆಯ ಬಯಲಿನಲ್ಲಿ, ಅಪ್ಪ ನನ್ನ ಪಾಲಿಗೆಂದು ಬಿಟ್ಟ ಚೂರು ಜಮೀನಿದೆ. ಅಣ್ಣ ನಿಂಗರಾಜು ತನ್ನದರ ಜೊತೆಗೆ ಅದನ್ನೂ ನೋಡಿಕೊಳ್ಳುತ್ತಾನೆ. "ಮಗು ಸ್ಕೂಲಿಗಂತೂ ಹೋಗಲ್ಲ, ಮತ್ತೆ ಮಂಡ್ಯದ ಬಾಡಿಗೆ ಮನೇಲಿ ಯಾಕೆ ಕೂತಿರಬೇಕು? ಅಲ್ಲೇ ಸಣ್ಣದೊಂದು ಮನೆ ಕಟ್ಟೋಣ. ನಾನು ಬಸ್ಸಲ್ಲಿ ಆಫೀಸಿಗೆ ಓಡಾಡ್ತೀನಿ" ಎಂದರು. ಅಣ್ಣನಿಗೆ ಹೇಳಿದರೆ ಅವನ ಸಂತೋಷ ಹೇಳತೀರದು. "ಬನ್ರವ್ವ, ಯಾರ್ ಬ್ಯಾಡ ಅಂದೋರು? ನಿನ್ ಪಾಲ್ಗೆ ಈ ಸಲ ಕಬ್ ಆಕಲ್ಲ, ರಾಗಿ ಆಕ್ತೀನಿ" ಅಂದ. ಕಬ್ಬನ್ನು ಒಮ್ಮೆ ನೆಟ್ಟರೆ ಒಂದು ಕಟಾವಿಗೆ ಮುಗಿಯುವುದಿಲ್ಲ. ಕಡಿದ ಬುಡವೇ ಮತ್ತೆ ಚಿಗುರಿ ಕೂಳೆ ಬೆಳೆ ಬರುತ್ತದೆ, ಅದಾದ ಮೇಲೆ ಇನ್ನೊಂದು ಕೂಳೆ. ಬರುವ ಬೆಳೆಯನ್ನು ಯಾರೂ ಕಿತ್ತುಹಾಕುವುದಿಲ್ಲವಾದ್ದರಿಂದ ಮೂರು ವರ್ಷ ಆ ನೆಲದ ಮಾತೇ ಎತ್ತುವಂತಿಲ್ಲ. ಕಬ್ಬಿನವರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೋಗುವುದೋ ಬಿಡುವುದೋ ಎಂದು ಒಂದು ಸಂಜೆ ಕೂತು ಮಾತಾಡಿ ಮುಗಿಸಬಹುದಿತ್ತು. ಆದರೆ ಮನೆಯಲ್ಲೇ ಪಾಠ ಹೇಳುವವರಿಗೆ ಒಂದು ಕಾಯಿಲೆ ಇರುತ್ತದೆ, ಎಲ್ಲವನ್ನೂ ಪಾಠ ಮಾಡಿಬಿಡುವುದು. ಭಾನುವಾರ ಬಂತೆಂದರೆ ಮದ್ದೂರಿಗೆ ಹೋಗಿ ಮಳವಳ್ಳಿ ಬಸ್ಸು ಹಿಡಿದು ಜಮೀನಿಗೆ ಹೋಗುವುದು, ಹಗ್ಗ ಹಿಡಿದು ಅಳೆಯುವುದು, ಅದು ಗಣಿತ. ನಾಲೆಯಲ್ಲಿ ಹೊಂಗೆ ಎಲೆ ತೇಲಿಬಿಟ್ಟು ಅದರ ಹಿಂದೆ ಓಡುವುದು, ಅದು ವಿಜ್ಞಾನ. ಬದುವಿನ ಮೇಲೆ ಕೂತು ಅತ್ತಿಗೆ ಕೊಟ್ಟ ಉಪ್ಪುಸಾರು ಮುದ್ದೆ ಉಣ್ಣುವುದು, ಅದಕ್ಕೂ ಏನೋ ಒಂದು ಹೆಸರಿಟ್ಟಿದ್ದೆ. ಇಂಚರ ಮಾತ್ರ ಪಾಠದ ಗೊಡವೆಗೆ ಹೋಗದೆ ಕಲ್ಲು ಆರಿಸಿ ತಂದು ಹೊಲದ ಮೂಲೆಯಲ್ಲಿ ಸಾಲಾಗಿ ಜೋಡಿಸಿದಳು. ಇದು ನಡುಮನೆ, ಇದು ಅಡುಗೆಮನೆ, ಇಲ್ಲಿ ಕಿಟಕಿ, ಕಿಟಕಿಯಿಂದ ನಾಲೆ ಕಾಣುತ್ತದೆ. ಅಡುಗೆಮನೆಯೊಳಗೆ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿ, "ಅಮ್ಮ, ಗೋಡೆ ತುಳೀಬೇಡ" ಎಂದು ಗದರಿಸಿದಳು. ಮುಂದಿನ ವಾರ ಹೋದಾಗ ಹೊಲವೆಲ್ಲ ಉತ್ತಾಗಿತ್ತು, ಕಲ್ಲುಗಳು ಇದ್ದ ಹಾಗೇ ಇದ್ದವು. "ಮಗಾ ಕಟ್ಟಿರೋ ಮನೆ ಅಂತ ನಿಮ್ಮಣ್ಣ ಸುತ್ತಾ ಬಳಸ್ಕೊಂಡ್ ಉಳ್ಸವ್ರೆ ಕಣಮ್ಮ. ಟ್ರ್ಯಾಕ್ಟ್ರೋನ್ ಕೈಲಿ ಸರ್ಯಾಗ್ ಬೈಸ್ಕಂಡ್ರು" ಎಂದು ಅತ್ತಿಗೆ ನಕ್ಕರು.

ಇಷ್ಟರವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಅಣ್ಣನ ಮಗಳು ಭೂಮಿಕಾ ಇಂಚರಳ ವಾರಗೆಯವಳು, ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಒಂದು ದಿನ ವಾಪಸು ಬರುವಾಗ, ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತಿದ್ದಾಗ, ಇಂಚರ ನನ್ನ ಸೆರಗು ಎಳೆದಳು. "ಅಮ್ಮ, ಮನೆ ಕಟ್ಟಿದ್ಮೇಲೆ ನಾನೂ ಭೂಮಿಕಾ ಜೊತೆ ಸ್ಕೂಲಿಗೆ ಹೋಗ್ತೀನಿ. ಮಧ್ಯಾಹ್ನ ಎಲ್ಲಾರೂ ತಟ್ಟೆ ಇಟ್ಕೊಂಡು ಸಾಲಾಗಿ ಕೂತು ಊಟ ಮಾಡ್ತಾರಂತೆ." ಪಕ್ಕದಲ್ಲಿದ್ದ ಮಹದೇವ "ಹೋಗುವಂತೆ ಬಿಡು" ಎಂದು ಹಗುರವಾಗಿ ಹೇಳಿಬಿಟ್ಟರು. ಇಷ್ಟು ವರ್ಷ ಆರಿದ ಪಾಯಸ ತಿಂದದ್ದೆಲ್ಲ ಇದಕ್ಕೇನಾ? ಹೊಲಕ್ಕೆಂದು ಹೋಗಿ ಮಗಳನ್ನು ಶಾಲೆಗೆ ಸೇರಿಸಿ ಬಂದಳು ಎಂದು ನೆಂಟರು ಆಡಿಕೊಂಡು ನಗುವುದು ಅಲ್ಲೇ ಬಸ್ಸಿನಲ್ಲೇ ಕೇಳಿಸಿದಂತಾಯಿತು.

ಆವತ್ತಿನಿಂದ ನನಗೆ ಹಾವುಗಳ ಚಿಂತೆ ಶುರುವಾಯಿತು. ಕರೆಂಟು ಬರುತ್ತದೋ ಇಲ್ಲವೋ, ಮಳೆಗಾಲದಲ್ಲಿ ದಾರಿ ಕೆಸರಾಗುವುದಿಲ್ಲವೇ, ರಾತ್ರಿ ಜ್ವರ ಬಂದರೆ ಯಾರು, ಹೀಗೆ ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದೆ. ಹುಟ್ಟಿದಾಗಿನಿಂದ ಅದೇ ಕೆಸರಿನಲ್ಲಿ ಓಡಾಡಿ ಬೆಳೆದವಳು ನಾನು. ನಿಜವಾದ ಕಾರಣವನ್ನು ಗಂಡನಿಗೂ ಹೇಳಲಿಲ್ಲ. ರಾಗಿ ಕೊಯ್ದದ್ದಾಯಿತು, ಅಣ್ಣ ಫೋನ್ ಮಾಡಿದ. "ನಾಲೆಗ್ ನೀರ್ ಬುಟ್ಟವ್ರೆ ಕಣವ್ವ. ಬತ್ತೀವಿ ಅಂದ್ರೆ ನಿನ್ ಪಾಲ್ ಇಂಗೇ ಬುಡ್ತೀನಿ. ಇಲ್ಲ ಅಂದ್ರೆ ಕಬ್ ನಾಟಿ ಮಾಡ್ಬುಡ್ತೀನಿ. ಒಂದ್ ಮಾತೇಳು." ಯೋಚನೆ ಮಾಡಿ ಹೇಳ್ತೀನಿ ಅಣ್ಣ ಎಂದೆ. ಪಾಪ, ಕಾದ. ಮತ್ತೆ ಫೋನ್ ಮಾಡಿದ. ಆಗ, "ಈ ಸಲ ನೀನೇ ಏನಾದ್ರೂ ಹಾಕ್ಕೊ" ಎಂದುಬಿಟ್ಟೆ. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ನನಗಿರಲಿಲ್ಲ. ಫೋನ್ ಇಟ್ಟು ತಿರುಗಿದರೆ ಇಂಚರ ಬಾಗಿಲಲ್ಲಿ ನಿಂತಿದ್ದಳು.

ನಾವು ಮುಂದೆ ಹೋದಾಗ ಕಬ್ಬು ಆಗಲೇ ಮೊಣಕಾಲೆತ್ತರ ಬಂದಿತ್ತು. ಕಲ್ಲುಗಳನ್ನು ಬದುವಿನ ಮೇಲೆ ಒಟ್ಟಾಗಿ ಪೇರಿಸಿಟ್ಟಿದ್ದರು. "ಒಂದೂ ಬಿಸಾಕಿಲ್ಲ ಕಣವ್ವ, ಎಲ್ಲಾ ಅವೆ" ಎಂದು ಅಣ್ಣ ಇಂಚರಳಿಗೆ ತೋರಿಸಿದ. ನಾನು ದೊಡ್ಡದಾಗಿ, "ಒಂದು ವರ್ಷ ತಾನೆ ಪುಟ್ಟಿ, ಕಟಾವಾದ ಮೇಲೆ ನೋಡೋಣ" ಎಂದೆ. ಅವಳು ನನ್ನ ಮುಖ ನೋಡದೆ, "ಕೂಳೆ ಬಿಡ್ತಾರಲ್ಲಮ್ಮ. ನೀನೇ ಪಾಠ ಮಾಡಿದ್ದೆ" ಎಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು. ಆ ಕಬ್ಬಿನೊಳಗೆ ಎಲ್ಲಿ ನಮ್ಮ ಅಡುಗೆಮನೆ ಇತ್ತು ಎಂದು ನನಗೆ ಈಗಲೂ ಗೊತ್ತು. ಅಲ್ಲಿ ಇರಬಹುದಿತ್ತು ಎಂದು ಸಾರಿಗೆ ಒಗ್ಗರಣೆ ಹಾಕುವಾಗೆಲ್ಲ ಅನ್ನಿಸುತ್ತದೆ.

ಜೂನ್ ಬಂದಾಗ ಇಂಚರ, ಮಂಡ್ಯದಲ್ಲೇ ಶಾಲೆಗೆ ಸೇರಿಸಿ ಎಂದಳು. ಬೇಡವೆನ್ನಲು ನನಗೆ ಯಾವ ಮುಖವಿತ್ತು? ಹಳ್ಳಿಗೆ ಹೋದರೆ ಶಾಲೆಗೆ ಹೋಗಿಬಿಡುತ್ತಾಳೆ ಎಂದು ಹಳ್ಳಿ ತಪ್ಪಿಸಿದೆ, ಶಾಲೆ ತಪ್ಪಲಿಲ್ಲ. ಈಗ ಬೆಳಗ್ಗೆ ಅವಳ ಜಡೆ ಹಾಕಿ ಕಳಿಸಿದ ಮೇಲೆ ನಡುಮನೆಯ ಕರಿಹಲಗೆಯೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿರುತ್ತೇವೆ.

ಮೊನ್ನೆ ತವರಿಗೆ ಹೊರಟಾಗ ಮಳವಳ್ಳಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಇಂಚರಳನ್ನು ಕೇಳಿದರು, "ಎಷ್ಟನೇ ಕ್ಲಾಸವ್ವ?" ಅಭ್ಯಾಸಬಲ, ನಾನು ವಿವರಣೆಗೆ ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಇಂಚರ "ಆರನೇ ಕ್ಲಾಸು" ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಆ ಹೆಂಗಸು ನನ್ನ ತೆರೆದ ಬಾಯಿ ನೋಡಿ, "ನೀನೇನ್ ಕೆಲ್ಸ ಮಾಡೀಯವ್ವ?" ಎಂದರು. "ಮನೇಲೇ ಇದೀನಿ" ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕೈಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು, "ಯಾಕವ್ವ, ಉಸಾರಿಲ್ವಾ?"